ಲಿಂಕ್ ಎದ್ದರೂ ಟ್ರಾಫಿಕ್ ವಾಪಸ್ ಬರುತ್ತಿಲ್ಲ

ಪ್ರಶ್ನೆ: ನಮ್ಮ ಎರಡು ಸಿಸ್ಕೊ ಎಡ್ಜ್ ರೂಟರ್‌ಗಳಲ್ಲೂ ಬಿಜಿಪಿ (ಹೊರಗಿನ ನೆಟ್‌ವರ್ಕ್‌ಗಳ ಜೊತೆ ದಾರಿ ಹಂಚಿಕೊಳ್ಳುವ ಪ್ರೋಟೋಕಾಲ್), ಓಎಸ್‌ಪಿಎಫ್ (ಒಳಗಿನ ನೆಟ್‌ವರ್ಕ್‌ನದು) ನಡುವೆ ಎರಡೂ ಕಡೆಗೆ ರೀಡಿಸ್ಟ್ರಿಬ್ಯೂಷನ್, ಅಂದರೆ ಒಂದರಲ್ಲಿ ಕಲಿತ ರೂಟ್‌ಗಳನ್ನು ಇನ್ನೊಂದಕ್ಕೆ ಕೊಡುವುದು, ಇದೆ. ಮೊದಲನೆಯದರ ಹೊರಗಿನ ಲಿಂಕ್ ಬಿದ್ದು ಎದ್ದರೆ ಅದು ಎರಡನೆಯದರ ದಾರಿಯನ್ನೇ ಹಿಡಿದು ಕೂರುತ್ತದೆ. ಡಿಸ್ಟೆನ್ಸ್ (ಕಡಿಮೆ ಇದ್ದಷ್ಟೂ ರೂಟರ್‌ಗೆ ನಂಬಿಕೆ ಹೆಚ್ಚು) 20 ಇರುವ ಇಬಿಜಿಪಿ (ಹೊರಗಿನ ನೆರೆ ರೂಟರ್‌ನಿಂದ ಕಲಿತ ಬಿಜಿಪಿ), 110ರ ಓಎಸ್‌ಪಿಎಫ್ ಮುಂದೆ ಗೆಲ್ಲಬೇಕಿತ್ತು ಅಲ್ವಾ?

ಉತ್ತರ: ಗೆಲ್ಲಬೇಕಿತ್ತು, ಆದರೆ ಆಟ ಅಲ್ಲಿವರೆಗೆ ಬರುವುದೇ ಇಲ್ಲ. ಲಿಂಕ್ ಬಿದ್ದಾಗ ಅದೇ ರೂಟ್ ಎರಡನೇ ರೂಟರ್‌ನಿಂದ ಓಎಸ್‌ಪಿಎಫ್ ಎಕ್ಸ್‌ಟರ್ನಲ್ (ಬೇರೆ ಪ್ರೋಟೋಕಾಲ್‌ನಿಂದ ಓಎಸ್‌ಪಿಎಫ್‌ಗೆ ಸೇರಿದ ರೂಟ್) ಆಗಿ ಬರುತ್ತದೆ, ಮೊದಲನೆಯದು ಅದನ್ನು ತನ್ನ ಬಿಜಿಪಿಗೆ ಸೇರಿಸಿಕೊಳ್ಳುತ್ತದೆ. ಹಾಗೆ ಸೇರಿದ್ದಕ್ಕೆ ವೇಯ್ಟ್ (ಸಿಸ್ಕೊ ಬಿಜಿಪಿ ಮೊದಲು ನೋಡುವ ಅಂಕಿ, ದೊಡ್ಡದೇ ಗೆಲ್ಲುತ್ತದೆ) 32768. ನೆರೆಯವರಿಂದ ಕಲಿತದ್ದಕ್ಕೆ ಸೊನ್ನೆ. ಲಿಂಕ್ ಎದ್ದ ಮೇಲೂ ಬೆಸ್ಟ್ ಪಾತ್ ಆಗುವುದು ಒಳಗಿನದೇ, ಹಾಗಾಗಿ ಇಬಿಜಿಪಿ ರೂಟ್ ಡಿಸ್ಟೆನ್ಸ್ ಹೋಲಿಕೆಗೇ ಹೋಗುವುದಿಲ್ಲ. 'ಶೋ ಐಪಿ ಬಿಜಿಪಿ' ಹಾಕಿ ನೋಡಿ, 32768 ಮತ್ತು ಪ್ರಶ್ನಾರ್ಥಕ ಚಿಹ್ನೆ (ರೀಡಿಸ್ಟ್ರಿಬ್ಯೂಷನ್‌ನಿಂದ ಬಂದದ್ದರ ಗುರುತು) ಎರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ.

ಸಿಸ್ಕೊದಲ್ಲಿ ಎಕ್ಸ್‌ಟರ್ನಲ್ ರೂಟ್‌ಗಳು ತಾವಾಗಿಯೇ ಬಿಜಿಪಿಗೆ ಹೋಗುವುದಿಲ್ಲ, ಯಾರೋ 'ಮ್ಯಾಚ್ ಎಕ್ಸ್‌ಟರ್ನಲ್' ಹಾಕಿರುತ್ತಾರೆ. ಬೇಡವಾದರೆ ತೆಗೆದುಬಿಡಿ. ಬೇಕೇ ಬೇಕು ಅಂದರೆ, ಬಿಜಿಪಿಯಿಂದ ಓಎಸ್‌ಪಿಎಫ್‌ಗೆ ಹೋಗುವಾಗ ರೂಟ್ ಮ್ಯಾಪ್‌ನಲ್ಲಿ (ರೂಟ್‌ಗಳನ್ನು ಸೋಸುವ, ಬದಲಿಸುವ ನಿಯಮಗಳ ಪಟ್ಟಿ) ಒಂದು ಟ್ಯಾಗ್ ಹಚ್ಚಿ, ವಾಪಸ್ ಬರುವಾಗ ಅದೇ ಟ್ಯಾಗನ್ನು ಡಿನೈ ಮಾಡಿ. ಎರಡೂ ರೂಟರ್‌ಗಳಲ್ಲಿ. ಸುಮ್ನೆ ನೆರೆಯವರ ವೇಯ್ಟ್ ಜಾಸ್ತಿ ಮಾಡಿದರೂ ಟ್ರಾಫಿಕ್ ಮರಳುತ್ತದೆ, ಆದರೆ ಲಿಂಕ್ ಬಿದ್ದಾಗ ರೂಟ್ ಬಿಜಿಪಿಗೆ ನುಸುಳುವುದು ನಿಲ್ಲುವುದಿಲ್ಲ.