ಸಾರ್ (SAR) ಮೌಲ್ಯ ಕಡಿಮೆಯಿರುವ ಮೊಬೈಲ್ ಕೊಂಡರೆ ತಲೆಗೆ ತಗಲುವ ವಿಕಿರಣವೂ ಕಡಿಮೆಯಾಗುತ್ತದೆಯೇ?

ಹಾಗೆಂದು ನಂಬಿ ಹಣ ಸುರಿಯಬೇಡಿ. ಸಾರ್ ಎಂದರೆ ಒಂದು ಕಿಲೋಗ್ರಾಂ ಅಂಗಾಂಶ ಹೀರಿಕೊಳ್ಳುವ ರೇಡಿಯೋ ಶಕ್ತಿಯ ಪ್ರಮಾಣ. ತಲೆಯಾಕಾರದ ಅಚ್ಚಿನಲ್ಲಿ ಅಂಗಾಂಶದಂತೆ ವರ್ತಿಸುವ ದ್ರವ ತುಂಬಿ, ಪಕ್ಕದಲ್ಲಿ ಫೋನನ್ನು ಗರಿಷ್ಠ ಶಕ್ತಿಯಲ್ಲಿ ಪ್ರಸಾರಕ್ಕೆ ಬಿಟ್ಟು ಅದನ್ನು ಅಳೆಯುತ್ತಾರೆ. ಭಾರತದಲ್ಲಿ 2012ರ ಸೆಪ್ಟೆಂಬರ್‌ನಿಂದ ಇರುವ ಮಿತಿ, 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ, ಕಿಲೋಗೆ 1.6 ವ್ಯಾಟ್. ಯುರೋಪಿನ 2 ವ್ಯಾಟ್ ಮಿತಿ 10 ಗ್ರಾಂ ಸರಾಸರಿಯದು. ಎರಡನ್ನೂ ನೇರವಾಗಿ ಹೋಲಿಸುವುದು ತಪ್ಪು.

ನಿಜವಾದ ಬಳಕೆಯಲ್ಲಿ ಲೆಕ್ಕಕ್ಕೆ ಬರುವುದು ಸಿಗ್ನಲ್. ಟವರ್ ಚೆನ್ನಾಗಿ ಸಿಕ್ಕರೆ ಫೋನ್ ತನ್ನ ಶಕ್ತಿಯನ್ನು ಬಹಳ ತಗ್ಗಿಸಿಕೊಳ್ಳುತ್ತದೆ. ಲಿಫ್ಟ್, ನೆಲಮಾಳಿಗೆ, ಘಟ್ಟದ ರಸ್ತೆಗಳಲ್ಲಿ ಅದೇ ಫೋನ್ ಕೂಗಿ ಕೂಗಿ ಮಾತನಾಡುತ್ತದೆ. ಆಗ ಕಡಿಮೆ ಸಾರ್‌ನ ಫೋನ್ ಕೂಡ ಹೆಚ್ಚು ಶಕ್ತಿಯನ್ನು ತಲೆಗೆ ಸೇರಿಸಬಹುದು.

ಈ ಅಲೆಗಳಿಗೆ ಎಕ್ಸ್‌ರೇಯಂತೆ ಅಣುಬಂಧ ಮುರಿಯುವ ತಾಕತ್ತಿಲ್ಲ. ಹೀರಿಕೊಂಡದ್ದು ಅಲ್ಪ ಶಾಖವಾಗುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಇವನ್ನು ‘ಬಹುಶಃ ಕ್ಯಾನ್ಸರ್‌ಕಾರಕವಾಗಿರಬಹುದಾದ’ 2ಬಿ ಗುಂಪಿಗೆ ಸೇರಿಸಿತು. ಇದು ಸಾಬೀತಾದ ಅಪಾಯವಲ್ಲ, ಸಾಕ್ಷ್ಯ ಸೀಮಿತ ಎಂಬ ಸೂಚನೆ.

ಆಂಟೆನಾದಿಂದ ಕೆಲವೇ ಸೆಂಟಿಮೀಟರ್ ದೂರ ಸರಿದರೂ ತಲೆ ಹೀರಿಕೊಳ್ಳುವ ಶಕ್ತಿ ಗಣನೀಯವಾಗಿ ಕುಸಿಯುತ್ತದೆ. ದೀರ್ಘ ಕರೆಗಳಿಗೆ ತಂತಿಯ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸಿ. ನಿಮ್ಮ ಫೋನಿನ ಸಾರ್ ನೋಡಲು *#07# ಒತ್ತಿ.