ಒಳಾಂಗಣ ಶಟಲ್ ಕೋರ್ಟಿಗೆ ಕೋಟಿಂಗ್ ಹಚ್ಚುವಾಗ ತಲೆ ಸುತ್ತುವುದೇಕೆ? ಬಟ್ಟೆ ಮಾಸ್ಕ್ ಸಾಕಾ?

ಬಟ್ಟೆ ಮಾಸ್ಕ್ ಸಾಲದು. ಅದು ಧೂಳನ್ನು ಒಂದಿಷ್ಟು ತಡೆಯಬಹುದು, ಕೋಟಿಂಗನ್ನು ತೆಳುವಾಗಿಸಲು ಬೆರೆಸುವ ಥಿನ್ನರ್‌ನ ಆವಿಯನ್ನಲ್ಲ. ತಲೆ ಸುತ್ತಿಸುವುದು ಆ ಆವಿಯೇ.

ಥಿನ್ನರ್‌ನಲ್ಲಿರುವ ಟೊಲುಯೀನ್, ಕ್ಸೈಲೀನ್ ಆವಿ ಗಾಳಿಗಿಂತ ಮೂರು ಪಟ್ಟಿಗೂ ಜಾಸ್ತಿ ಭಾರ. ಗಾಳಿಯಾಡದ ಕಡೆ ಅದು ನೆಲದ ಹತ್ತಿರವೇ ಹರಡಿ ನಿಲ್ಲುತ್ತದೆ. ಬಾಗಿಲಲ್ಲಿ ನಿಂತ ಮೇಸ್ತ್ರಿಗೆ ವಾಸನೆ ಅಷ್ಟಾಗಿ ತಿಳಿಯದಿರಬಹುದು. ಆದರೆ ಟೇಪ್ ಅಂಟಿಸಿ ಗೆರೆ ಹೊಡೆಯುವವರು ಮಂಡಿಯೂರಿ ಬಗ್ಗಿರುತ್ತಾರೆ, ಅವರ ಮೂಗು ಆ ಆವಿಯೊಳಗೇ ಇರುತ್ತದೆ ಅಲ್ವಾ?

ಹಾಗಾಗಿ ಮೇಲಿನ ಕಿಟಕಿ ತೆರೆದರೆ ಸಾಲದು. ಎದುರುಬದುರಿನ ಬಾಗಿಲುಗಳನ್ನು ಪೂರ್ತಿ ತೆರೆದು, ನೆಲಮಟ್ಟದಲ್ಲಿ ಗಾಳಿ ಹೊರಹೋಗುವಂತೆ ಮಾಡಿ. ಕೊಡಗಿನಲ್ಲಿ ಮಳೆಗಾಲದಲ್ಲಿ ಇದು ಕಷ್ಟ. ಎರಚಲು, ಮಂಜು ಒಳಗೆ ಬರುತ್ತದೆ ಅಂತ ಎಲ್ಲ ಮುಚ್ಚಿಬಿಡುತ್ತೇವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಹೂಮಳೆಗೆ (ಕಾಫಿ ಹೂ ಅರಳಿಸುವ ಮಳೆಗೆ) ಮುಂಚೆ ಕೆಲಸ ಇಟ್ಟುಕೊಳ್ಳುವುದೇ ಒಳ್ಳೆಯದು.

ಮುಖಕ್ಕೆ ಸರಿಯಾಗಿ ಕೂರುವ, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ತನ್ನಿ. ಬೀಡಿ, ವೆಲ್ಡಿಂಗ್ ಹತ್ತಿರವೂ ಬೇಡ, ಆವಿಗೆ ಬೆಂಕಿ ಹತ್ತುತ್ತದೆ. ಮಾಮೂಲಿ ಫ್ಯಾನ್‌ನ ಕಿಡಿಯೂ ಸಾಕು, ಕಿಡಿ ಹಾರದ ಫ್ಯಾನನ್ನೇ ಬಳಸಿ.

ಪಾಲಿಯುರೆಥೇನ್, ಅಂದರೆ ಪಿಯು ಕೋಟಿಂಗ್ ಆದರೆ ಇನ್ನೂ ಎಚ್ಚರ ಬೇಕು. ಅದು ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿರುವ ಐಸೋಸೈನೇಟ್ ಎಂಬ ರಾಸಾಯನಿಕ ಅಸ್ತಮಾ ತರಿಸಬಲ್ಲದು. ಒಮ್ಮೆ ಬಂದವರಿಗೆ ಆಮೇಲೆ ಚೂರು ಸೋಕಿದರೂ ಉಸಿರು ಕಟ್ಟಬಹುದು. ಅಂಥವರನ್ನು ಮತ್ತೆ ಈ ಕೆಲಸಕ್ಕೆ ಕರೆಯಲೇಬೇಡಿ.