ಹಳೆಯ ಆಂಪ್ಲಿಫೈಯರಿಗೆ ಹೊಸ ಟಿವಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಂದೆಯವರು ಯಕ್ಷಗಾನದ ಕ್ಯಾಸೆಟ್ ಕೇಳಲೆಂದು ಕೊಂಡಿದ್ದ ಆಂಪ್ಲಿಫೈಯರ್ ಮತ್ತು ಜೋಡಿ ಸ್ಪೀಕರ್ ಇನ್ನೂ ಗಟ್ಟಿಯಾಗಿವೆ. ಹೊಸ ಟಿವಿಯಲ್ಲಿ ಭಾಗವತರ ಪದ ಕೇಳಿಸುತ್ತದೆ, ಮದ್ದಳೆ ಸತ್ತುಹೋಗುತ್ತದೆ. ಟಿವಿಯ ಹಿಂದಿನ ಕೆಂಪು, ಬಿಳಿ ಸಾಕೆಟ್‌ಗಳಿಂದ ಆಂಪ್ಲಿಫೈಯರಿಗೆ ವೈರ್ ಹಾಕಿದೆ; ಸದ್ದೇ ಇಲ್ಲ. ಎಲ್ಲವನ್ನೂ ಗುಜರಿಗೆ ಹಾಕಿ ಸೌಂಡ್‌ಬಾರ್ ತನ್ನಿ ಎನ್ನುತ್ತಾರೆ ಅಂಗಡಿಯವರು.
– ಓದುಗರು, ಸಾಗರ

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ಕೆಟ್ಟಿದೆಯೆಂದು ನನ್ನ ರಿಪೇರಿ ಮೇಜಿಗೆ ಬರುವ ಎಷ್ಟೋ ಪೆಟ್ಟಿಗೆಗಳಿಗೆ ಯಾವ ರೋಗವೂ ಇರುವುದಿಲ್ಲ, ವೈರ್ ತಪ್ಪು ಜಾಗದಲ್ಲಿರುತ್ತದೆ. ಈಗಿನ ಟಿವಿಗಳಲ್ಲಿ ಕೆಂಪು, ಬಿಳಿ ಸಾಕೆಟ್‌ಗಳು ಸಾಮಾನ್ಯವಾಗಿ ‘ಎವಿ ಇನ್’. ಡಿವಿಡಿ ಪ್ಲೇಯರಿನಂಥವುಗಳ ಸದ್ದು ಅಲ್ಲಿಂದ ಟಿವಿಯ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಅಲ್ಲೇ ಆಸುಪಾಸಿನಲ್ಲಿ ‘ಆಪ್ಟಿಕಲ್’ ಅಥವಾ ‘ಡಿಜಿಟಲ್ ಆಡಿಯೊ ಔಟ್’ ಎಂದು ಬರೆದ ಪುಟ್ಟ ಚೌಕಾಕಾರದ ಕಿಂಡಿಯನ್ನು ಹುಡುಕಿ. ಟಿವಿ ಹಾಕಿದಾಗ ಅದರೊಳಗೆ ಕೆಂಪು ಬೆಳಕು ಕಾಣಿಸುತ್ತದೆ. ನಿಮಗೆ ಬೇಕಾದ ಸದ್ದು ಹೊರಡುವುದು ಅಲ್ಲಿಂದ.

ಆ ಬೆಳಕನ್ನು ಆಂಪ್ಲಿಫೈಯರಿಗೆ ಅರ್ಥವಾಗುವಂತೆ ಮಾಡಲು ‘ಡ್ಯಾಕ್’ ಎಂಬ ಸಣ್ಣ ಪೆಟ್ಟಿಗೆ ಬೇಕು. ಇಂಥ ಸಣ್ಣ ಡ್ಯಾಕ್‌ಗಳು ಬಹುಪಾಲು 5 ವೋಲ್ಟಿನಲ್ಲಿ ನಡೆಯುತ್ತವೆ, ಮೊಬೈಲ್ ಚಾರ್ಜರ್ ಸಾಕಾಗುತ್ತದೆ. ಆಪ್ಟಿಕಲ್ ಕೇಬಲ್ಲಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿದರೆ ಕೇಬಲ್ ಕೂರುವುದೇ ಇಲ್ಲ. ಗೋಡೆಯ ಮೂಲೆಯಲ್ಲಿ ಅದನ್ನು ಮಡಚಬೇಡಿ, ಒಳಗಿನ ಎಳೆ ಮುರಿಯುತ್ತದೆ. ಡ್ಯಾಕ್‌ನ ಕೆಂಪು, ಬಿಳಿ ಪಿನ್‌ಗಳ ವೈರನ್ನು ಆಂಪ್ಲಿಫೈಯರಿನ ‘ಆಕ್ಸ್’ ಅಥವಾ ‘ಟೇಪ್ ಇನ್’ಗೆ ಹಾಕಿ. ‘ಫೋನೋ’ಗೆ ಮಾತ್ರ ಬೇಡ. ಅದು ಗ್ರಾಮಫೋನಿನ ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟ್‌ಗಳನ್ನು ಹಿಗ್ಗಿಸಲು ಮಾಡಿದ ಜಾಗ. ಟಿವಿಯ ಸದ್ದು ಅಲ್ಲಿ ಒಡೆದು ಕರಕರ ಎನ್ನುತ್ತದೆ.

ಕೊನೆಗೆ ಟಿವಿಯ ಸೆಟ್ಟಿಂಗ್‌ನಲ್ಲಿ ಸದ್ದಿನ ದಾರಿಯನ್ನು ‘ಆಪ್ಟಿಕಲ್’ ಎಂದೂ ಡಿಜಿಟಲ್ ಔಟ್‌ಪುಟ್ಟನ್ನು ‘ಪಿಸಿಎಂ’ (ಕುಗ್ಗಿಸದ ಸರಳ ಡಿಜಿಟಲ್ ಸದ್ದು) ಎಂದೂ ಬದಲಿಸಿ. ಸಣ್ಣ ಡ್ಯಾಕ್‌ಗಳಿಗೆ ಸಾಮಾನ್ಯವಾಗಿ ಡಾಲ್ಬಿ ಎಂಬ ಕುಗ್ಗಿಸಿದ ರೂಪದ ಸದ್ದು ಅರ್ಥವಾಗುವುದಿಲ್ಲ. ಎಲ್ಲ ಸರಿಯಿದ್ದೂ ಸದ್ದು ಬಾರದಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಇನ್ನೊಂದು ವಿಷಯ: ಹಲವು ಟಿವಿಗಳಲ್ಲಿ ಆಪ್ಟಿಕಲ್ ಸದ್ದು ರಿಮೋಟಿನಿಂದ ಏರಿಳಿಯುವುದಿಲ್ಲ, ಆಂಪ್ಲಿಫೈಯರಿನ ತಿರುಗುಣಿಯನ್ನೇ ತಿರುಗಿಸಬೇಕು.

ಇಷ್ಟಾದ ಮೇಲೂ ಮದ್ದಳೆ ತುಂಬಿ ಬರದಿದ್ದರೆ ಸ್ಪೀಕರ್ ವೈರ್ ನೋಡಿ. ಎರಡು ಸ್ಪೀಕರ್‌ಗಳಲ್ಲಿ ಒಂದಕ್ಕೆ ಪ್ಲಸ್, ಮೈನಸ್ ಅದಲುಬದಲಾಗಿದ್ದರೆ ಒಂದರ ಕಾಗದ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ, ಮಂದ್ರದ ನಾದ ಪರಸ್ಪರ ಅಳಿಸಿಹೋಗುತ್ತದೆ. ಗುರುತು ಅಳಿಸಿದ್ದರೆ ಹೀಗೆ ಮಾಡಿ: ಆಂಪ್ಲಿಫೈಯರ್ ಆರಿಸಿ, ವೈರನ್ನು ಅದರಿಂದ ಬಿಚ್ಚಿ, 1.5 ವೋಲ್ಟಿನ ಸೆಲ್ಲಿಗೆ ಕ್ಷಣಮಾತ್ರ ತಾಗಿಸಿ. ದೊಡ್ಡ ಸ್ಪೀಕರಿನ ಕಾಗದ ಮುಂದಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ ಎಳೆಯೇ ಪ್ಲಸ್.

ಪ್ರಶ್ನೆ: ಸೌಂಡ್‌ಬಾರನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಜೋಡಿಸಿದ್ದೇನೆ. ಸದ್ದು ಇನ್ನೂ ಟಿವಿಯಿಂದಲೇ ಬರುತ್ತದೆ.
– ಓದುಗರು, ಹಾಸನ

ಉತ್ತರ: ಟಿವಿಯ ಸದ್ದನ್ನು ಸೌಂಡ್‌ಬಾರಿಗೆ ಹಿಂದಕ್ಕೆ ಕಳಿಸುವುದು ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದ ಪೋರ್ಟ್ ಮಾತ್ರ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರೊಂದಿಗೆ. ಎರಡೂ ಕಡೆ ಆ ಪೋರ್ಟನ್ನೇ ಬಳಸಿ, ಟಿವಿಯಲ್ಲಿ ‘ಸಿಇಸಿ’ (ಎಚ್‌ಡಿಎಂಐ ಕೇಬಲ್ಲಿನ ಮೂಲಕ ಉಪಕರಣಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಚಾಲೂ ಮಾಡಿ. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಮೆನುವಿನಲ್ಲಿ ತುಸು ಹುಡುಕಬೇಕಾಗುತ್ತದೆ.

ಪ್ರಶ್ನೆ: ಅತ್ತೆಯವರಿಗೆ ಕಿವಿ ಮಂದ. ಧಾರಾವಾಹಿ ನೋಡಲು ಬ್ಲೂಟೂತ್ ಹೆಡ್‌ಫೋನ್ ಕೊಡಿಸಿದೆವು. ತುಟಿ ಆಡಿದ ಮೇಲೆ ಮಾತು ಕೇಳಿಸುತ್ತದೆ ಎನ್ನುತ್ತಾರೆ.
– ಓದುಗರು, ಬೆಂಗಳೂರು

ಉತ್ತರ: ಅವರು ಹೇಳುವುದು ಸರಿ. ಬ್ಲೂಟೂತ್ ಸದ್ದನ್ನು ಕುಗ್ಗಿಸಿ, ಕಳಿಸಿ, ಬಿಡಿಸುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಬಹುದು. ತುಟಿಯ ಚಲನೆ ನೋಡಿ ಮಾತು ಹಿಡಿಯುವವರಿಗೆ ಇದು ದೊಡ್ಡ ತೊಡಕು. ಟಿವಿಯಲ್ಲಿ 3.5 ಮಿ.ಮೀ. ಸಾಕೆಟ್ ಇದ್ದರೆ ಎಕ್ಸ್‌ಟೆನ್ಷನ್ ವೈರ್ ಹಾಕಿ ತಂತಿಯ ಹೆಡ್‌ಫೋನ್ ಕೊಡಿ. ಅವರು ಎದ್ದು ಓಡಾಡುವ ದಾರಿಗೆ ಮಾತ್ರ ವೈರ್ ಅಡ್ಡ ಬರಬಾರದು. ಮನೆಯವರೆಲ್ಲ ಕೂಡಿ ನೋಡುವುದಾದರೆ ಟಿವಿ ಸ್ಪೀಕರ್ ಮತ್ತು ಹೆಡ್‌ಫೋನ್ ಒಟ್ಟಿಗೆ ನಡೆಯುವ ಆಯ್ಕೆ ಇದೆಯೇ ಎಂದು ಸೆಟ್ಟಿಂಗ್‌ನಲ್ಲಿ ನೋಡಿ. ಅತ್ತೆಯವರು ಒಬ್ಬರೇ ಬೇರೆಯಾಗಿ ಕೂರುವಂತಾಗಬಾರದು.

ಪ್ರಶ್ನೆ: ಸೆಟ್‌ಟಾಪ್ ಬಾಕ್ಸನ್ನು ಆಂಪ್ಲಿಫೈಯರಿಗೆ ಜೋಡಿಸಿದರೆ ಗುಂಯ್ ಎನ್ನುವ ಸದ್ದು. ಎಲೆಕ್ಟ್ರಿಷಿಯನ್ ಅರ್ತ್ ಪಿನ್ ಮುರಿಯಲು ಹೇಳಿದರು.
– ಓದುಗರು, ಗದಗ

ಉತ್ತರ: ಖಂಡಿತ ಮುರಿಯಬೇಡಿ. ಒಳಗೆ ಎಲ್ಲಾದರೂ ಕರೆಂಟ್ ಸೋರಿದರೆ ಮೈಗೆ ಹೊಡೆಯದಂತೆ ಕಾಯುವುದು ಆ ಪಿನ್. ಮೊದಲು ಡಿಶ್ ಕೇಬಲ್ಲನ್ನು ಬಾಕ್ಸಿನಿಂದ ಬಿಚ್ಚಿ ನೋಡಿ. ಗುಂಯ್ ನಿಂತರೆ, ಡಿಶ್ ಕೇಬಲ್ ಮತ್ತು ಆಂಪ್ಲಿಫೈಯರಿನ ಅರ್ತ್ ಸೇರಿ ಒಂದು ಸುತ್ತು ಏರ್ಪಟ್ಟು ಕರೆಂಟಿನ 50 ಹರ್ಟ್ಸ್ ಕಂಪನ ಸದ್ದಿನ ದಾರಿಗೆ ನುಗ್ಗುತ್ತಿದೆ ಎಂದರ್ಥ. ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಸಣ್ಣ ಸಾಧನವನ್ನು ಆಡಿಯೊ ವೈರಿನ ನಡುವೆ ಹಾಕಿ. ಬಾಕ್ಸಿನಲ್ಲಿ ಆಪ್ಟಿಕಲ್ ಕಿಂಡಿ ಇದ್ದರೆ ಸಾಗರದವರಿಗೆ ಹೇಳಿದ ದಾರಿಯೇ ಒಳ್ಳೆಯದು. ಅಲ್ಲಿ ಹರಿಯುವುದು ಬೆಳಕು, ಆ ದಾರಿಯಲ್ಲಿ ಈ ಸುತ್ತು ಏರ್ಪಡುವುದಿಲ್ಲ.